ಅತ್ತೆಯ ವೇತನ ಆಯೋಗ

ಪಗಾರ ಸಾಲುತ್ತದೆ ಎಂದ ನೌಕರದಾರರನ್ನು ನಾನು ಇದುವರೆಗೆ ಕಂಡಿಲ್ಲ. ಯಾರಾದರೂ ಹಾಗೆ ಅಂದರೆ ಮೊದಲು ಅವರಿಗೆ ಜ್ವರ ಬಂದಿದೆಯೇ ನೋಡುತ್ತೇನೆ. ನೋಡುವ ಅಧಿಕಾರವೂ ನನಗಿದೆ, ನಾನು ನರ್ಸ್. ಮನೆ ಕಲಬುರಗಿಯ ಕೋಟನೂರದಲ್ಲಿ, ನೌಕರಿ ಕಮಲಾಪುರದ ಕಡೆಯ ಒಂದು ಸರ್ಕಾರಿ ದವಾಖಾನೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ದಿನಾ ಪಗಾರದ ಬಗ್ಗೆ ಗೊಣಗುತ್ತೇನೆ. ಗೊಣಗಲು ಕಾರಣಗಳಿಗೇನೂ ಬರವಿಲ್ಲ. ಪೇ ಕಮಿಷನ್ ಎಂಬ ಶಬ್ದ ಟೀವಿಯಲ್ಲಿ ಕೇಳಿದರೆ ಸಾಕು, ನಮ್ಮ ಪಗಾರ ಏರುವ ಮೊದಲೇ ಹಾಲಿನವನ ದರ ಏರುತ್ತದೆ. ಬಳಗದಲ್ಲಿ ಯಾರ ಮದುವೆ ಗೊತ್ತಾದರೂ “ಸುವರ್ಣಾಂದು ಸರ್ಕಾರಿ ನೌಕರಿ ಅದ” ಎಂದು ನನ್ನ ಹೆಸರಿಗೆ ಒಂದು ಹೆಚ್ಚಿನ ಸೀರೆ ಹಿಡಿಯುತ್ತಾರೆ. ನನಗೆ ಬರುವ ಸೀರೆಯಲ್ಲ, ನಾನು ಕೊಡುವ ಸೀರೆ. ಇಂಥ ಗೋಳನ್ನು ಕೇಳಿಸಿಕೊಳ್ಳಲು ಒಂದು ಕಿವಿ ಬೇಕಲ್ಲ, ಆ ಕಿವಿ ಶಾಹೀನಳದು.

ಶಾಹೀನ್ ನಮ್ಮಲ್ಲೇ ಗುತ್ತಿಗೆಯ ಮೇಲಿರುವ ನರ್ಸ್. ಮೋಮಿನಪುರದ ಹುಡುಗಿ, ಹುಡುಗಿ ಎಂದರೂ ಎರಡು ಮಕ್ಕಳ ತಾಯಿ. ನಮ್ಮದು ಒಂದೇ ಬಸ್ಸು, ಒಂದೇ ವಾರ್ಡು, ಮಧ್ಯಾಹ್ನದ ಊಟಕ್ಕೆ ಒಂದೇ ಬೆಂಚು. ನನ್ನ ಸಂಕಟವನ್ನೆಲ್ಲ ಕೇಳಿ, “ಪಾಪ ಅಕ್ಕಾ, ಭಾಳ ಹೈರಾಣ ಆಗೀರಿ” ಎಂದು ತನ್ನ ಡಬ್ಬಿಯ ಖೀಮಾದಲ್ಲಿ ಅರ್ಧ ನನ್ನ ರೊಟ್ಟಿಯ ಮೇಲೆ ಹಾಕುತ್ತಿದ್ದಳು. ಅವಳ ಪಗಾರ ನನಗಿಂತ ಕಡಿಮೆ ಎಂಬುದು ನನಗೆ ಗೊತ್ತಿತ್ತು. ಎಷ್ಟು ಕಡಿಮೆ ಎಂದು ನಾನು ಕೇಳಲಿಲ್ಲ, ನನ್ನದೆಷ್ಟು ಎಂದು ಅವಳಿಗೆ ಹೇಳಲಿಲ್ಲ. ಯಾರಿಗೆ ಹೆಣ್ಣು ಹುಟ್ಟಿತು, ಯಾರಿಗೆ ಗಂಡು ಹುಟ್ಟಿತು ಎಂಬ ಸುದ್ದಿ ನಮ್ಮ ವಾರ್ಡಿನಿಂದ ಚಹಾದಂಗಡಿಗೆ ಓಡಿಹೋಗುತ್ತದೆ. ಪಗಾರದ ಸುದ್ದಿ ಮಾತ್ರ ಹೊಸ್ತಿಲು ದಾಟುವುದಿಲ್ಲ.

ಅದನ್ನು ಹೊಸ್ತಿಲು ದಾಟಿಸಿದವರು ನನ್ನ ಅತ್ತೆ. ಅವರು ತಾಜಸುಲ್ತಾನಪುರದವರು, ತೊಗರಿ ಹೊಲಗಳಲ್ಲಿ ಕೂಲಿ ಮಾಡಿಯೇ ಮಗನನ್ನು ಓದಿಸಿದವರು. ನನ್ನ ಗೊಣಗಾಟ ಕೇಳಿದಾಗಲೆಲ್ಲ, “ಫ್ಯಾನಿನ ಕೆಳಗ ಕುಂತು ಮಾಡೂ ಕೆಲಸಕ್ಕ ಇಷ್ಟ್ಯಾಕ ಅಳ್ತೀಯವ್ವಾ?” ಎನ್ನುತ್ತಿದ್ದರು. ಒಮ್ಮೆ ಅವರಿಗೆ ಮೊಣಕಾಲು ನೋವು ಜೋರಾಯಿತು. ಕಲಬುರಗಿಯ ದೊಡ್ಡ ದವಾಖಾನೆಗೆ ಕರೆದೊಯ್ಯುತ್ತೇನೆ ಎಂದರೆ ಒಪ್ಪಲಿಲ್ಲ. “ಸೊಸಿ ಇರೂ ದವಾಖಾನಿ ಬಿಟ್ಟು ಮಂದಿ ಬಾಗಿಲಿಗಿ ಯಾಕ ಹೋಗ್ಲಿ?” ಎಂದರು. ನನಗೂ ಒಳಗೊಳಗೇ ಖುಷಿಯಾಯಿತು. ಒಂದು ದಿನ ಕೂತು ನೋಡಲಿ, ಸೊಸೆ ಹೇಗೆ ದುಡಿಯುತ್ತಾಳೆ ಎಂಬುದು ಕಣ್ಣಿಗೇ ಬೀಳಲಿ ಎಂದುಕೊಂಡೆ.

ಡಾಕ್ಟರು ಮೊಣಕಾಲು ನೋಡಿ ಗುಳಿಗೆ ಬರೆದುಕೊಟ್ಟರು. ಅತ್ತೆ ಗುಳಿಗೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ತಾವೂ ಒಂದು ತಪಾಸಣೆ ಶುರು ಮಾಡಿದರು. “ಡಾಕ್ಟರಪ್ಪಾ, ನಿನಗ ತಿಂಗಳಿಗಿ ಎಷ್ಟ ಬರ್ತದ?”

ಡಾಕ್ಟರು ಚಿಕ್ಕ ವಯಸ್ಸಿನವರು, ಇನ್ನೂ ಮದುವೆಯಾಗಿಲ್ಲ. “ಹೇಳಿದ್ರ ನನಗ ಯಾರೂ ಹೆಣ್ಣ ಕೊಡಂಗಿಲ್ಲಮ್ಮಾ” ಎಂದು ನಗುತ್ತ ಪಾರಾದರು.

ಅತ್ತೆ ಬಿಡುವ ಪೈಕಿಯವರಲ್ಲ. ಕಸ ಗುಡಿಸುತ್ತಿದ್ದ ಗುರುಬಾಯಿಯನ್ನು ಕೇಳಿದರು. ಅವಳ ಪಗಾರ ಬರುವುದು ಯಾವುದೋ ಏಜೆನ್ಸಿಯ ಕೈಯಿಂದ, ಅದೂ ಏಜೆನ್ಸಿಯವರಿಗೆ ನೆನಪಾದಾಗ. ಗುರುಬಾಯಿ ಕಸಬರಿಗೆಗೆ ಒರಗಿ ನಿಂತು, “ಬಂದಾಗ ಎಣಿಸಿ ಹೇಳ್ತೀನವ್ವಾ” ಎಂದಳು. ಇದನ್ನೆಲ್ಲ ನಾನು ದೂರದಿಂದ ನೋಡುತ್ತಲೇ ಇದ್ದೆ. ಆದರೆ ಲಸಿಕೆಗೆ ಬಂದ ಕೂಸೊಂದು ಕೈಯಲ್ಲಿ ಕಿರುಚುತ್ತಿತ್ತು. ಬಿಟ್ಟು ಓಡಿಬರುವಷ್ಟರಲ್ಲಿ ಅತ್ತೆ ಶಾಹೀನಳ ಪಕ್ಕದಲ್ಲಿ ಕೂತಾಗಿತ್ತು. ಶಾಹೀನ್ ಹಿರಿಯರ ಮಾತಿಗೆ ಎದುರಾಡುವವಳಲ್ಲ, ಕೇಳಿದ್ದನ್ನು ಹೇಳಿಬಿಟ್ಟಳು.

“ಇಷ್ಟೇನಾ!” ಎಂದು ಅತ್ತೆ ವಾರ್ಡು ತಿರುಗಿ ನೋಡುವ ಹಾಗೆ ಕೂಗಿದರು. “ನಮ್ಮ ಸುವರ್ಣಾಗ ಇದರ ಮೂರು ಪಟ್ಟು ಬರ್ತದಲ್ಲ ತಂಗಿ! ಮುಂಜಾನಿಂದ ನೋಡಾಕತ್ತೀನಿ, ಇಬ್ಬರೂ ಅದೇ ಸೂಜಿ ಚುಚ್ಚಾಕತ್ತೀರಿ. ಅಕಿ ಸೂಜಿಗಿ ಬಂಗಾರದ ಮುಳ್ಳದೇನು?”

ಹಾಸಿಗೆಯ ಮೇಲಿದ್ದ ಬಾಣಂತಿಯರೆಲ್ಲ ನನ್ನ ಸೂಜಿಯ ಕಡೆಗೆ ನೋಡಿದರು. ನಾನು ಗ್ಲೂಕೋಸ್ ಬಾಟಲಿಯ ಹಿಂದೆ ಮುಖ ಮರೆಮಾಡಿಕೊಂಡೆ. ಅದು ಪಾರದರ್ಶಕ ಎಂಬುದು ಆಮೇಲೆ ನೆನಪಾಯಿತು.

ಅಂದು ಮಧ್ಯಾಹ್ನ ಶಾಹೀನ್ ಡಬ್ಬಿ ಬಿಚ್ಚಿ ತನ್ನಷ್ಟಕ್ಕೆ ಉಂಡಳು. ನಾನೇ ಮಾತು ತೆಗೆದೆ. “ಯಾಕ ಶಾಹೀನ್, ಸುಮ್ಮನ ಕುಂತೀಯಲ್ಲ?”

“ಏನಿಲ್ರಿ ಅಕ್ಕಾ. ಇಷ್ಟು ವರ್ಷ ನಿಮ್ಮ ಮ್ಯಾಲೆ ಎಷ್ಟು ಕನಿಕರ ಪಟ್ಟೀನಿ ಅಂತ ಲೆಕ್ಕ ಹಾಕಾಕತ್ತೀನಿ. ಅಷ್ಟೂ ವಾಪಸ್ ಕೊಡ್ರಿ” ಎಂದಳು. ನಗುತ್ತಾಳೆಂದು ಕಾದೆ, ನಗಲಿಲ್ಲ. ಡಬ್ಬಿ ಮುಚ್ಚಿ ಎದ್ದುಹೋದಳು. ಬಸ್ಸಿನಲ್ಲೂ ಅವಳು ಮುಂದಿನ ಸೀಟಿಗೆ ಹೋಗಿ ಕೂತಳು.

ಪಕ್ಕದಲ್ಲಿ ಕೂತಿದ್ದ ಅತ್ತೆಯ ಮೇಲೆ ನನಗೆ ಸಿಟ್ಟು ಬಂದಿತ್ತು. ಆದರೂ ದನಿ ತಗ್ಗಿಸಿ ತಿಳಿಸಿ ಹೇಳಿದೆ. “ಅತ್ತಿ, ನಾ ಪರೀಕ್ಷಾ ಬರದು ಆರಿಸಿ ಬಂದಾಕಿ. ನಂದು ಪರ್ಮನೆಂಟ್, ಅಕಿದು ಗುತ್ತಿಗಿ. ಸರ್ವಿಸ್ ಅಂತನೂ ಇರ್ತದ್ರಿ.”

“ಇರ್ಲಿ, ಹಳಬರಿಗಿ ನಾಕು ದುಡ್ಡ ಜಾಸ್ತಿ ಕೊಡ್ಲಿ, ಯಾರು ಬ್ಯಾಡಂತಾರ? ನಾವು ಕಳೆ ತೆಗೀವಾಗ ಒಂದೇ ಸಾಲಿನಾಗ ಕುಂತವರಿಗಿ ಒಂದೇ ಕೂಲಿ ಇತ್ತು. ಗೌಡನ ತಂಗಿ ಬಂದು ಕುಂತರೂ ಅಷ್ಟೇ. ಹೆರಿಗಿ ಬ್ಯಾನಿ ತಿನ್ನೂ ಹೆಂಗಸಿಗಿ ಯಾರು ಪರ್ಮನೆಂಟ್, ಯಾರು ಗುತ್ತಿಗಿ ಅಂತ ತಿಳೀತದೇನು? ಅಕಿ ಯಾರ ಕೈ ಸಿಕ್ಕರೂ ಅದನ್ನೇ ಹಿಡ್ಕೋತಾಳ.”

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಕೆಲವೇ ದಿನಗಳಲ್ಲಿ ಗುತ್ತಿಗೆ ನೌಕರರು ಸಮಾನ ಕೆಲಸಕ್ಕೆ ಸಮಾನ ವೇತನ ಬೇಕೆಂದು ಕಲಬುರಗಿಯಲ್ಲಿ ಧರಣಿ ಕೂತರು. ಶಾಹೀನ್ ಕೂಡ ಹೋದಳು. ಹೋಗುವಾಗ ವಾರ್ಡಿನ ಕೀಲಿಕೈ ಮೇಜಿನ ಮೇಲಿಟ್ಟು, “ಬರ್ತೀನ್ರಿ” ಎಂದಷ್ಟೇ ಹೇಳಿದಳು. ಇಷ್ಟು ವರ್ಷದ ಅನುಭವವಿರುವ ನನಗೆ ಒಬ್ಬಳೇ ನಿಭಾಯಿಸುವುದೇನು ಮಹಾ ಎಂದುಕೊಂಡೆ. ಮೊದಲ ದಿನವೇ ಎರಡು ಹೆರಿಗೆ, ನಾಯಿ ಕಚ್ಚಿದವರು, ಲಸಿಕೆಗೆ ಬಂದ ಕೂಸುಗಳ ದಂಡು. ಒಂದು ಕೈಯಲ್ಲಿ ನಾಡಿ ಹಿಡಿದು ಇನ್ನೊಂದು ಕೈಯಲ್ಲಿ ರಿಜಿಸ್ಟರು ತುಂಬುವಾಗ, ರೋಗಿಯ ಹೆಸರಿನ ಜಾಗದಲ್ಲಿ ನನ್ನ ಹೆಸರೇ ಬರೆದೆ. ಡಾಕ್ಟರು ನೋಡಿ, “ಸಿಸ್ಟರ್, ನೀವ ಅಡ್ಮಿಟ್ ಆಗೀರೇನ್ರಿ?” ಎಂದರು. ಆಗಿದ್ದರೆ ಒಂದು ಹಾಸಿಗೆಯಾದರೂ ಸಿಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಕೂತದ್ದಷ್ಟೇ ಗೊತ್ತು. ಕಂಡಕ್ಟರ್ ಎಬ್ಬಿಸಿದಾಗ ಬಸ್ಸು ಡಿಪೋದಲ್ಲಿತ್ತು, ತೊಳೆಯಲು ನೀರಿನ ಪೈಪು ಹಿಡಿದವನೊಬ್ಬ ನಾನು ಇಳಿಯುವುದನ್ನೇ ಕಾಯುತ್ತಿದ್ದ. ಇದು ಸೋಮವಾರದ ಕಥೆ. ಶನಿವಾರದ ಹೊತ್ತಿಗೆ ನನ್ನ ಪಾದಗಳು ಬಾತು ಚಪ್ಪಲಿಯೊಳಗೆ ಹೋಗದಾದವು. ಸಮಾನ ವೇತನದ ವಿಚಾರ ನನಗೆ ಮೊದಲು ಅರ್ಥವಾದದ್ದು ಕಾಲಿನಲ್ಲಿ; ತಲೆಯವರೆಗೆ ಏರಲು ಆಮೇಲೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ರವಿವಾರ ಬೆಳಿಗ್ಗೆ ಎದ್ದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಬಡಿದದ್ದೇ ಬಡಿದದ್ದು. ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಕಟ್ಟಿ, “ನಡಿ” ಎಂದರು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಸರ್ಕಾರಿ ನೌಕರಳಾದ ನಾನು ಧರಣಿಯ ಪೆಂಡಾಲಿಗೆ ಹೋಗಬಹುದೇ ಎಂಬ ಚಿಂತೆ ದಾರಿಯುದ್ದಕ್ಕೂ ಕಾಡಿತು. ರಜೆಯ ದಿನ ರೊಟ್ಟಿ ಹಂಚಲು ಯಾವ ನಿಯಮ ಅಡ್ಡ ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಶಾಹೀನ್ ನಮ್ಮನ್ನು ಕಂಡು ಅತ್ತೆಗೆ ಜಾಗ ಮಾಡಿಕೊಟ್ಟಳು, ನನಗೆ ಮಾಡಿಕೊಡಲಿಲ್ಲ. ರೊಟ್ಟಿ ಹಂಚುತ್ತ ನಿಂತಿದ್ದಾಗ ಯಾರೋ ಮುಖಂಡರು, “ಪರ್ಮನೆಂಟ್ ಸಿಸ್ಟರ್ ಒಬ್ಬರು ನಮಗ ಬೆಂಬಲ ಕೊಡಾಕ ಬಂದಾರ, ಎರಡು ಮಾತಾಡ್ರಿ” ಎಂದು ಮೈಕು ಕೈಗೆ ಕೊಟ್ಟುಬಿಟ್ಟರು. ನ್ಯಾಯ, ಘನತೆ, ಸಮಾನತೆ ಎಂಬ ದೊಡ್ಡ ಶಬ್ದಗಳೆಲ್ಲ ನಾಲಿಗೆಯ ತುದಿಗೆ ಬಂದವು. ಎದುರಿಗೆ ಕೂತ ಶಾಹೀನಳ ಮುಖ ನೋಡಿದೆ. ಬಾಯಿಂದ ಹೊರಬಿದ್ದದ್ದು ಬೇರೆಯೇ.

“ಇವರ ಬೇಡಿಕಿ ಲಗೂನ ಈಡೇರಸ್ರೀ. ಶಾಹೀನ್ ಇಲ್ದ ನನಗ ಒಬ್ಬಾಕಿಗಿ ನೀಗವಲ್ದು. ಅಕಿ ಮಾಡೂ ಕೆಲಸ ನನ್ನ ಕೆಲಸಕ್ಕ ಬರಾಬರಿ ಅದ. ಖರೇ ಹೇಳ್ಬೇಕಂದ್ರ ಒಂದು ಕೈ ಜಾಸ್ತಿನೇ ಅದ.”

ಪೆಂಡಾಲಿನ ತುಂಬ ಚಪ್ಪಾಳೆ, ಸಿಳ್ಳೆ. ಶಾಹೀನ್ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದಳು. ಅಳುತ್ತಾಳೆಂದು ಓಡಿಹೋದರೆ, ಕಣ್ಣಲ್ಲಿ ನೀರು ಬರುವಷ್ಟು ನಗು. “ಇಷ್ಟು ಖರೇ ಭಾಷಣ ಇಲ್ಲಿ ಇನ್ನಾ ಯಾರೂ ಮಾಡಿಲ್ರಿ ಅಕ್ಕಾ” ಎಂದು ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು. ಅತ್ತೆ ಅಷ್ಟರಲ್ಲಿ ಆಚೆ ಬದಿಯಲ್ಲಿ ಕಾವಲಿಗೆ ಬಂದಿದ್ದ ಪೊಲೀಸಪ್ಪನ ಪಗಾರ ವಿಚಾರಿಸುತ್ತಿದ್ದರು.

ಧರಣಿ ಒಂದಿಷ್ಟು ಹೆಚ್ಚಳದ ಭರವಸೆ ಪಡೆದು ಮುಗಿಯಿತು. ಭರವಸೆ ಇನ್ನೂ ದಾರಿಯಲ್ಲಿದೆ, ಶಾಹೀನ್ ಮಾತ್ರ ಕೆಲಸಕ್ಕೆ ಬಂದಳು. ಅವಳು ಬಂದ ದಿನವೇ ಒಂದು ಕಷ್ಟದ ಹೆರಿಗೆ ಆಯಿತು. ಇಬ್ಬರೂ ಬೆವರಿಳಿಸಿ ದುಡಿದೆವು. ತಾಯಿ, ಕೂಸು ಇಬ್ಬರೂ ಪಾರಾದರು. ಮರುದಿನ ಕೂಸಿನ ಅಜ್ಜಿ ತಮ್ಮ ತೋಟದ ಕಮಲಾಪುರದ ಕೆಂಪು ಬಾಳೆಯ ದೊಡ್ಡದೊಂದು ಚಿಪ್ಪು ತಂದು ಶಾಹೀನಳ ಉಡಿಗೆ ಹಾಕಿದಳು. ಅಜ್ಜಿಯೇ ಅದರಿಂದ ಒಂದೇ ಒಂದು ಹಣ್ಣು ಮುರಿದು ನನ್ನ ಕೈಗಿಟ್ಟಳು. ನಾನು ಅವಳ ಮುಖ ನೋಡಿದೆ.

“ನಿಮಗ ಸರ್ಕಾರನೇ ಮೂರು ಪಟ್ಟು ಕೊಡ್ತದಂತಲ್ರಿ ಸಿಸ್ಟರ್‌ಬಾಯಿ, ಗುರುಬಾಯಿ ಹೇಳಿದಳು” ಎಂದಳು ಅಜ್ಜಿ.

ಸುಲಿದು ತಿಂದೆ. ಹಣ್ಣು ಬಹಳ ಸಿಹಿಯಾಗಿತ್ತು. ಒಂದು ಸಾಲಲಿಲ್ಲ ಎನ್ನಬೇಕೆನಿಸಿತು, ಆದರೆ ಆ ವಾರ್ಡಿನಲ್ಲಿ ಅದನ್ನು ಯಾರ ಮುಂದೆ ಹೇಳಲಿ?