ನಮ್ಮ ಪಡಸಾಲೆಯಲ್ಲಿ ಬಿಡಾರ ಹೂಡಿರುವ ಶ್ರೀ ಸೂನ್ ಅವರಿಗೆ

ಮಾನ್ಯರೇ,

ಹೊಸಪೇಟೆಯ ಚಿತ್ತವಾಡ್ಗಿಯಿಂದ ನಾಗೇಂದ್ರಪ್ಪನವರ ಮಗಳು ಸ್ಫೂರ್ತಿ ಮಾಡುವ ನಮಸ್ಕಾರಗಳು. ನಾವೆಲ್ಲರೂ ಕ್ಷೇಮ. ತಾವಂತೂ ಐದು ತಿಂಗಳಿಂದ ನಮ್ಮ ಮನೆಯಲ್ಲೇ ಇರುವುದರಿಂದ ತಮ್ಮ ಕ್ಷೇಮವನ್ನು ಪತ್ರ ಬರೆದು ಕೇಳಬೇಕಾದ ಅಗತ್ಯ ಕಾಣುವುದಿಲ್ಲ. ಇಂಗ್ಲಿಷಿನಂಥ ದೊಡ್ಡ ಭಾಷೆಯ ಪದವಾದ ತಾವು ಅಲ್ಲಿನ ಅರಮನೆಗಳನ್ನೆಲ್ಲ ಬಿಟ್ಟು ನಮ್ಮ ಪಡಸಾಲೆಯ ಮೂಲೆ ಹಿಡಿದಿದ್ದು ನಮ್ಮ ಪೂರ್ವಜನ್ಮದ ಪುಣ್ಯವೆಂದು ಭಾವಿಸಿ, ಈ ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ನಾನು ಹತ್ತನೇ ತರಗತಿಯ ಮಕ್ಕಳಿಗೆ ಮನೆಯಲ್ಲೇ ಇಂಗ್ಲಿಷ್ ಟ್ಯೂಷನ್ ಹೇಳುವವಳಾದ್ದರಿಂದ ತಮ್ಮ ಬಂಧುಬಳಗದ ಪರಿಚಯ ನನಗೆ ಚೆನ್ನಾಗಿದೆ. ತಮ್ಮ ಸೋದರರಾದ ಶಾರ್ಟ್ಲಿಯವರು ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ಕೆಲಸಕ್ಕಿದ್ದಾರೆ. ಅವರು ಬಾಯಿ ತೆರೆದರೆಂದರೆ ಜನ ಇನ್ನೊಂದು ಚಹಾಕ್ಕೆ ಹೇಳುತ್ತಾರೆ. ಇಮ್ಮಿಡಿಯೆಟ್ಲಿಯವರದು ಕಚೇರಿಯ ಪತ್ರಗಳಲ್ಲಿ ಮಾತ್ರ ವಾಸ, ಕಣ್ಣಾರೆ ಕಂಡವರಿಲ್ಲ. ಬಿಫೋರ್ ಲಾಂಗ್ ಎಂಬ ಹಿರಿಯರು ಪಾಠದ ಪುಸ್ತಕ ಬಿಟ್ಟು ಹೊರಗೆ ಬರುವುದಿಲ್ಲ. ನಮ್ಮ ಕಡೆಯ ಬೀಗರೂ ಕಡಿಮೆಯವರೇನಲ್ಲ. 'ಜಲ್ದಿ' ಎಂದರೆ ಹೇಳುವವರಿಗೆ ಅವಸರವಿದೆ, ಮಾಡುವವರಿಗಿಲ್ಲ. 'ಈಗ ಬಂದೆ' ಎಂದರೆ ಇನ್ನೂ ಚಪ್ಪಲಿ ಮೆಟ್ಟಿಲ್ಲ. 'ಇನ್ನೇನು ಆಯ್ತು' ಎಂದರೆ ಟೇಲರ್ ಬಟ್ಟೆಗೆ ಇನ್ನೂ ಕತ್ತರಿಯನ್ನೇ ಹಾಕಿಲ್ಲ. 'ಸದ್ಯದಲ್ಲೇ' ಎಂದರೆ ಆ ಕೆಲಸ ಮಾಡಬೇಕಾದವರು ಇನ್ನೂ ಹುಟ್ಟಬೇಕು. ಇವರೆಲ್ಲರ ಗುಣವನ್ನೂ ಮೈಗೂಡಿಸಿಕೊಂಡು ಇಷ್ಟು ಮೆತ್ತಗೆ ಇರುವವರು ತಾವೊಬ್ಬರೇ. ಹಂಪಿಯ ದಾರಿಯ ಒಂದು ಹೋಟೆಲಿನ ಬೋರ್ಡಿನಲ್ಲಿ ತಾವು 'ಕಮಿಂಗ್' ಪಕ್ಕದಲ್ಲಿ ಕೂತು ವರ್ಷಗಳಾದವು. ಬಿಸಿಲಿಗೆ ಕಮಿಂಗ್ ಅಳಿಸಿಹೋಗಿದೆ, ತಾವು ಮಾತ್ರ ಉಳಿದಿದ್ದೀರಿ.

ತಾವು ನಮ್ಮ ಮನೆಗೆ ಬಂದ ಬಗೆಯನ್ನು ನೆನಪಿಸುತ್ತೇನೆ. ಸಂಕ್ರಾಂತಿ ಮುಗಿದ ವಾರ ಸಂಡೂರಿನಿಂದ ಗಂಗಾಂಬಿಕಮ್ಮನವರು, ಗಣಿ ಕಂಪನಿಯೊಂದರ ಆಫೀಸಿನಲ್ಲಿರುವ ಮಗ ವೀರೇಶ್ ಅವರನ್ನು ಕರೆದುಕೊಂಡು ನನ್ನನ್ನು ನೋಡಲು ಬಂದರು. ನಮ್ಮ ಬಳಗದಲ್ಲಿ ಹೆಣ್ಣು ನೋಡಲು ಬಂದವರಿಗೆ ಮನಸ್ಸು ಬಾರದಿದ್ದರೆ, ಸಕ್ಕರೆ ಕಾಯಿಲೆಯ ನೆಪ ಹೇಳಿ ಸಿಹಿಯನ್ನು ಮುಟ್ಟದೆ, ಒಗ್ಗರಣೆ ಮಂಡಕ್ಕಿ ತಿಂದು ಎದ್ದುಬಿಡುತ್ತಾರೆ. ಮನೆಯವರಿಗೆ ವಿಷಯ ತಿಳಿಯುತ್ತದೆ, ಯಾರ ಮುಖವೂ ಕೆಡುವುದಿಲ್ಲ. ಆದರೆ ನಮ್ಮವ್ವ ಕೊಟ್ರಮ್ಮ ಅವತ್ತು ಮಾಡಿದ ಶಿರಾ ಅದೇನು ಹದಕ್ಕೆ ಬಂದಿತ್ತೋ, ಗಂಗಾಂಬಿಕಮ್ಮನವರು ಮೈಮರೆತು ತಿಂದಿದ್ದಲ್ಲದೆ ಇನ್ನೊಂದು ಸಲ ಹಾಕಿಸಿಕೊಂಡರು. ಅವ್ವ ಮದುವೆಯೇ ಗೊತ್ತಾದಂತೆ ಅಡುಗೆಮನೆಯಲ್ಲಿ ನಿಂತು ದೇವರಿಗೆ ಕೈಮುಗಿದಳು. ಅತ್ತ ಅವರಿಗೆ ಸಿಹಿ ಉಂಡ ಮನೆಯಲ್ಲಿ ಒಲ್ಲೆವು ಅನ್ನಲು ಬಾಯಿ ಬರಲಿಲ್ಲ, ಹೂಂ ಅನ್ನಲು ಮನಸ್ಸಿರಲಿಲ್ಲ, ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಪಾಡಾಯಿತು. ಆಗ ವೀರೇಶ್ ಹೊಸ್ತಿಲಲ್ಲಿ ಬೂಟು ಹಾಕಿಕೊಳ್ಳುತ್ತ, ಸೂನ್ ತಿಳಿಸುತ್ತೇವೆಂದು ಹೇಳಿ, ತಮ್ಮನ್ನು ನಮ್ಮಲ್ಲಿ ಬಿಟ್ಟು ಜೀಪು ಹತ್ತಿದರು.

ಅಂದಿನಿಂದ ಈ ಮನೆಗೆ ತಾವೇ ಯಜಮಾನರು. ಒಂದು ಕಡೆ ಮಾತು ನಡೆದಿರುವಾಗ ಇನ್ನೊಂದು ಕಡೆ ಬಾಯಿ ಹಾಕಬಾರದೆಂದು ಅವ್ವ ಮಲಪನಗುಡಿಯಿಂದ ಬಂದ ಸಂಬಂಧವನ್ನು ಬಾಗಿಲಿಂದಲೇ ಕಳಿಸಿದಳು. ಬಿಸಿಲಿಗೆ ನಾನು ಕಪ್ಪಗಾಗಬಾರದೆಂದು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುವ ಕೆಲಸ ಅಪ್ಪನ ಪಾಲಿಗೆ ಬಂತು. ಹೆಣ್ಣಿನ ಕಡೆಯವರು ತಾವಾಗಿ ಫೋನು ಮಾಡಿ ಕೇಳಿದರೆ ಹಗುರಾಗುತ್ತೇವೆಂದು ಅಪ್ಪ ಕೇಳಲಿಲ್ಲ. ಬದಲಿಗೆ ಫೋನನ್ನು ಜಳಕದ ಮನೆಗೂ ಒಯ್ಯತೊಡಗಿದರು. ಕರೆಂಟು ಹೋದರೆ ಆಫೀಸಿಗೇ ನಡೆದು ಜಗಳ ತೆಗೆಯುವ ಮನುಷ್ಯ, ಸಾಲ ಬೇಕೇ ಎಂದು ಕೇಳಲು ಬಂದ ಯಾವುದೋ ಕರೆಗೆ ಎದ್ದು ನಿಂತು, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಬೀಗರೇ ಎಂದು ಮಾತಾಡಿಸಿದ್ದನ್ನು ಕಂಡ ದಿನ ನಾನು ಒಳಗೆ ಹೋಗಿ ಅತ್ತುಬಿಟ್ಟೆ. ನನಗೆ ಗಂಡು ಸಿಗದ ದುಃಖವಲ್ಲ ಅದು. ಅಪ್ಪ ಅಷ್ಟು ಸಣ್ಣವರಾದದ್ದನ್ನು ನೋಡಲಾಗಲಿಲ್ಲ.

ಇಷ್ಟರಲ್ಲಿ ಕಂಪ್ಲಿಯ ಶಾಲೆಯೊಂದು ನನ್ನನ್ನು ಇಂಗ್ಲಿಷ್ ಶಿಕ್ಷಕಿಯಾಗಿ ಆರಿಸಿತು. ಓದುವಾಗಿನಿಂದ ನಾನು ಬಯಸಿದ್ದ ಕೆಲಸ. ಸಂಡೂರಿನವರು ಹೂಂ ಅಂದರೆ ದಿನಾ ಕಂಪ್ಲಿಗೆ ಹೋಗಿಬರುವವರು ಯಾರು, ಸ್ವಲ್ಪ ತಡಿ ಎಂದು ಅವ್ವ ತಮ್ಮ ಮುಖ ನೋಡಿದಳು. ಪಾಪ, ಶಾಲೆಯವರೂ ಕಾದರು. ಕೊನೆಗೆ ಶಾಲೆ ತೆರೆಯುವ ಸೋಮವಾರ ಬಂದು ಸೇರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಹೇಳಿಕಳಿಸಿದರು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆಗಳು ಸಣ್ಣವು. ತಾವು ಒಂದು ಕೈಗಡಿಯಾರ ಕಟ್ಟಿಕೊಳ್ಳಬೇಕು, ಅದರಲ್ಲಿ ಮುಳ್ಳುಗಳಿರಬೇಕು. ತಮ್ಮ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ತಾರೀಖಿನ ಜೊತೆ ಮುಗಿಯುವ ತಾರೀಖನ್ನೂ ಹಾಕಿಸಬೇಕು. ಅದೂ ಆಗದಿದ್ದರೆ ನಮ್ಮ ರೇಷನ್ ಕಾರ್ಡಿಗೆ ತಮ್ಮ ಹೆಸರು ಸೇರಿಸಲು ಒಪ್ಪಿಗೆ ಕೊಡಬೇಕು. ಇಷ್ಟು ದಿನ ಮನೆಯಲ್ಲಿದ್ದವರ ಪಾಲಿನ ಅಕ್ಕಿಯಾದರೂ ಬರಲಿ.

ಇದಕ್ಕೆಲ್ಲ ತಮ್ಮ ಉತ್ತರ ಯಾವಾಗ ಬರುತ್ತದೆಂದು ಬಲ್ಲೆನಾದ್ದರಿಂದ, ನಿನ್ನೆ ಶನಿವಾರ ಬೆಳಿಗ್ಗೆ ಅಪ್ಪನ ಕೈಯಿಂದ ಫೋನು ಕಿತ್ತುಕೊಂಡು, ಅವ್ವ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಂತೆಯೇ ಸಂಡೂರಿಗೆ ಹಚ್ಚಿದೆ. ವೀರೇಶ್ ಅವರೇ ಎತ್ತಿದರು. ಹೂಂ ಅಥವಾ ಒಲ್ಲೆ, ಎರಡರಲ್ಲಿ ಒಂದು ಹೇಳಿರೆಂದು ಕೇಳಿದೆ. ಅವರು ಒಮ್ಮೆ ಕೆಮ್ಮಿ, ತಾಯಿಯನ್ನು ಕೇಳಬೇಕೆಂದು ಹೇಳಿ, ಮತ್ತೆ ಸೂನ್ ಎಂದು ತಮ್ಮ ಹೆಸರನ್ನೇ ಎತ್ತಿದರು.

"ನೀವು ಹೇಳೋದು ಬ್ಯಾಡ್ರಿ," ಎಂದೆ. "ನಾನಾ ಹೇಳ್ತೀನಿ. ನಾ ಒಲ್ಲೆ. ಸೋಮವಾರ ಕಂಪ್ಲಿಗೆ ನೌಕರಿಗೆ ಹೊಂಟೀನಿ."

ಹೆಣ್ಣಿನ ಕಡೆಯವರೇ ಮೊದಲು ಒಲ್ಲೆ ಅಂದದ್ದು ನಮ್ಮ ಬಳಗದಲ್ಲಿ ಯಾರೂ ಕೇಳಿಲ್ಲವೆಂದು ಅವ್ವ ನಿನ್ನೆಯಿಂದ ಮಾತು ಬಿಟ್ಟಿದ್ದಾಳೆ. ಅಪ್ಪ ಹೊರಗೆ ಹೋದವರು, ಕಂಪ್ಲಿಯ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ವಿಚಾರಿಸಿಕೊಂಡು ಬಂದರು. ನನಗೆ ಸ್ವಲ್ಪ ಹೆದರಿಕೆಯಿದೆ, ಬಹಳ ಸಂತೋಷವಿದೆ.

ನಮ್ಮ ಆತಿಥ್ಯದಲ್ಲಿ ಏನಾದರೂ ಕೊರತೆಯಾಗಿದ್ದರೆ ಮನ್ನಿಸಿ, ದಯಮಾಡಿ ಬೇರೆ ಮನೆ ನೋಡಿಕೊಳ್ಳಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ಸ್ಫೂರ್ತಿ
ಇಂಗ್ಲಿಷ್ ಶಿಕ್ಷಕಿ (ನಾಳೆಯಿಂದ)

ವಿ.ಸೂ.: ಸೋಮವಾರ ಸಂಜೆ ಸೇರಿಸಿದ್ದು. ಐದು ತಿಂಗಳು ಒಂದು ಫೋನು ಮಾಡಲಾಗದಿದ್ದ ಗಂಗಾಂಬಿಕಮ್ಮನವರು, ನಾನು ಶಾಲೆಯಲ್ಲಿದ್ದಾಗ ಜೀಪು ಮಾಡಿಕೊಂಡು ಬಂದು, ನಮ್ಮ ಹುಡುಗನಲ್ಲಿ ಏನು ಕಡಿಮೆ ಕಂಡಿರಿ, ನಿಮ್ಮ ಹುಡುಗಿ ಮನಸ್ಸು ಬದಲಿಸುವುದು ಯಾವಾಗ ಎಂದು ಕೇಳಿದರಂತೆ. ಮನೆಗೆ ಬಂದವರಿಗೆ ಇಲ್ಲ ಎನ್ನಲು ಬಾಯಿ ಬಾರದ ಅಪ್ಪ, ಸೂನ್ ಅವರೇ, ತಮ್ಮನ್ನೇ ಅವರ ಜೊತೆ ಮಾಡಿ ಜೀಪಿಗೆ ಹತ್ತಿಸಿ ಕಳಿಸಿದರೆಂದು ತಿಳಿಯಿತು. ಸಂಡೂರಿನ ಹವೆ ತಂಪು, ಎಷ್ಟು ದಿನ ಬೇಕಾದರೂ ಇರಿ, ಅವರು ಕಾಯುತ್ತಾರೆ.