ಪೊದೆಯಲ್ಲಿ ಕೂತ ಸಿಳ್ಳಾರ

ಇದು ನಿಜವಾಗಿ ನಡೆದ ಕತೆ. ನಂಬಿಕೆ ಬಾರದವರು ಕೆರೆಯಂಚಿನ ಪೊದೆಯನ್ನು ನೋಡಿ ಬರಬಹುದು. ಅದರ ಅರ್ಧ ತಲೆಗೆ ಕ್ಷೌರವಾಗಿದೆ.

ಅಂಚೆ ಗುಮಾಸ್ತನಿಗೆ ವಾರವಿಡೀ ಮುದ್ರೆ ಒತ್ತುವ ಕೆಲಸ, ಭಾನುವಾರ ಹಕ್ಕಿ ನೋಡುವ ಹುಚ್ಚು. ಹೆಂಡತಿ ದರ್ಜಿ. ಆರು ದಿನ ಹೊಲಿಗೆ ಯಂತ್ರ ತುಳಿದ ಕಾಲನ್ನು ಏಳನೆಯ ದಿನ ಒಂಬತ್ತಕ್ಕೆ ಮುಂಚೆ ನೆಲಕ್ಕಿಳಿಸೆನೆಂದು ಶಪಥ ತೊಟ್ಟವಳು. ಪಕ್ಷಿವೀಕ್ಷಕರ ಸಂಘದ ಮೂರು ದಿನದ ಕಾಡಿನ ಶಿಬಿರಕ್ಕೆ ಉಳಿದಿದ್ದದ್ದು ಒಂದೇ ಕೋಣೆ, ಅದೂ ಇಬ್ಬರು ಬಂದರೆ ಮಾತ್ರ. ಹೆಸರು ಕೊಡಲು ಈ ಭಾನುವಾರವೇ ಕಡೆ.

"ಹಕ್ಕಿ ನೋಡೋಕೆ ಕಾಡಿಗ್ಯಾಕ್ರೀ? ಕಿಟಕಿ ತೆಗೀರಿ, ಕಾಗೆ ಕೂತಿದೆ," ಎಂದು ಅವಳು ಮಗ್ಗುಲು ಬದಲಿಸಿದಳು.

ಗುಮಾಸ್ತ ಶನಿವಾರವೇ ಎದುರುಮನೆಯ ಕ್ಷೌರದಂಗಡಿಯವನ ಕಾಲು ಹಿಡಿದಿದ್ದ. ಆತ ಕುಕ್ಕರಿನ ಸಿಳ್ಳೆ ಹೊಡೆದು ಮೂರು ಮನೆಗಳಿಗೆ ಅರೆಬೆಂದ ಊಟ ಬಡಿಸಿದ ಕಲಾವಿದ.

"ನಾಳೆ ಕೆರೆಯಂಚಿನ ಪೊದೆಯಲ್ಲಿ ಕೂತು ಬಿಳಿಕತ್ತಿನ ಸಿಳ್ಳಾರದ ಹಾಗೆ ಕೂಗಬೇಕು ಕಣಯ್ಯ. ಅಪರೂಪದ ಹಕ್ಕಿ ಅಂದ್ರೆ ಅವಳು ಕರಗಿಬಿಡ್ತಾಳೆ."

"ಆಯ್ತಣ್ಣ. ನಮ್ಮವಳಿಗೆ ಮದುವೆ ಗಂಡಿನ ಶೇವಿಂಗು ಅಂತ ಹೇಳಿ ಬರ್ತೀನಿ."

"ಇದೊಂದು ಸಲ ಬಾರೇ, ಹಿಡಿಸದಿದ್ರೆ ಈ ಜನ್ಮದಲ್ಲಿ ಮತ್ತೆ ಕರೆಯಲ್ಲ," ಎಂಬ ಆಸೆ ತೋರಿಸಿದ ಮೇಲೆ ಹೆಂಡತಿ ಎದ್ದಳು. ಕೊಕ್ಕರೆಗಳು ಹೆದರುವಷ್ಟು ಅಗಲಕ್ಕೆ ಆಕಳಿಸುತ್ತ ಸಂಘದವರು ಸೇರಿದ್ದ ಕೆರೆಯನ್ನು ಏಳಕ್ಕೆ ತಲುಪಿದಳು.

ಪೊದೆ ಕೂಗಿತು: "ಪೀಽಽ... ಪಿರ್ರ್!" ಹಿಂದೆಯೇ ಕಚಕಚ, ಕಚಕಚ. ತಲೆ ಸಿಗದಿದ್ದರೆ ಕತ್ತರಿಯಾಡಿಸಿ ಗಾಳಿಯನ್ನೇ ಕತ್ತರಿಸುವ ಅಭ್ಯಾಸ ಆ ಪುಣ್ಯಾತ್ಮನಿಗೆ!

ಹೆಂಡತಿಯ ನಿದ್ದೆ ಹಾರಿತು. "ರೀ, ಏನದು?"

"ಸಿ... ಸಿಳ್ಳಾರ."

"ಮತ್ತೆ ಕಚಕಚ?"

"ಕೊಕ್ಕು ಮಸೀತಿದೆ."

ಅವಳು ಗಂಡನ ಕೊರಳಿನ ಬೈನಾಕ್ಯುಲರ್ ಕಿತ್ತು ತನ್ನ ಕೊರಳಿಗೆ ಹಾಕಿಕೊಂಡಳು. "ಸಾರ್, ಬೇಗ ಬನ್ನಿ!"

ಸಂಘದ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು ನೋಟುಪುಸ್ತಕ ಹಿಡಿದು ಓಡಿಬಂದರು. "ಸದ್ದು ಮಾಡಬೇಡಿ! ಮೂವತ್ತು ವರ್ಷದಲ್ಲಿ ಸಿಳ್ಳಾರ ಕೊಕ್ಕು ಮಸೆಯೋದು ಕೇಳಿಲ್ಲ!"

ಪೊದೆಯೊಳಗೆ ಕೆಂಪಿರುವೆಯ ಗೂಡಿತ್ತು. ಸಿಳ್ಳಾರ ಒಮ್ಮೆಲೇ ಕೋಳಿಯಾಯಿತು, ಬೆಕ್ಕಾಯಿತು, ಕೊನೆಗೆ ಕುಕ್ಕರಾಯಿತು. ಪೊದೆಯಿಂದ ಕತ್ತರಿಸಿದ ಎಲೆಗಳು ಬೀಳತೊಡಗಿದವು.

"ಗೂಡು ಕಟ್ತಿದೆ!" ಹೆಡ್‌ಮಾಸ್ಟರ ಕಣ್ಣು ಒದ್ದೆಯಾಯಿತು. "ಮೊದಲು ಗುರುತಿಸಿದ್ದು ಯಾರು?"

"ನಾನೇ ಸಾರ್," ಎಂದಳು ಹೆಂಡತಿ.

"ಭಲೇ ತಾಯಿ! ಆ ಕಡೇ ಕೋಣೆ ನಿಮಗೇ. ಜೊತೆಗೆ ಯಾರು, ಬರ್ಕೋತೀನಿ."

ಗುಮಾಸ್ತ ಗಂಟಲು ಸರಿಮಾಡಿಕೊಂಡು ಮದುಮಗನಂತೆ ಮುಂದೆ ಬಂದ.

"ನಮ್ಮ ಎದುರುಮನೆ ಅಕ್ಕ," ಎಂದಳು ಅವಳು. "ಕ್ಷೌರದಂಗಡಿಯವರ ಹೆಂಡತಿ. ಅವರಿಗೂ ಹಕ್ಕಿ ಅಂದ್ರೆ ಪ್ರಾಣ. ಮನೇಲೇ ಒಂದನ್ನ ಸಾಕಿದಾರೆ."

ಗುಮಾಸ್ತ ಬಾಯಿ ತೆರೆದ. ಬಾಯಿ ಬಿಟ್ಟರೆ ಗುಟ್ಟು ಬಯಲು, ಸಂಘದಿಂದಲೇ ಗಡೀಪಾರು. ಹೆಡ್‌ಮಾಸ್ಟರು ಸುದ್ದಿ ಹಂಚಲು ದಡಬಡ ಹೊರಟರು.

"ನಿನಗೆ... ಯಾವಾಗ ಗೊತ್ತಾಯ್ತು?"

"ಇಪ್ಪತ್ತು ವರ್ಷದಿಂದ ಬಟ್ಟೆ ಕತ್ತರಿಸ್ತಿದೀನಿ. ಕತ್ತರಿ ಸದ್ದು ತಿಳಿಯಲ್ವೇನ್ರೀ ನಂಗೆ? ಆ ಮೂರು ದಿನ ರಜಾ ಹಾಕಿದೀರಲ್ಲ, ಒಳ್ಳೇದಾಯ್ತು. ಗುಂಡಿ ಹಾಕ್ಬೇಕಾದ ಅಂಗಿ ಒಂದು ರಾಶಿ ಇದೆ."

ಅಷ್ಟರಲ್ಲಿ ಪೊದೆ ಸೀಳಿಕೊಂಡು ಸಿಳ್ಳಾರ ಹೊರಬಂತು. ಮುಖ ಊದಿ ಕಣ್ಣೇ ಕಾಣುತ್ತಿರಲಿಲ್ಲ. "ಅಣ್ಣ, ಅತ್ತಿಗೆ ಕರಗಿದ್ರಾ?"

ಅತ್ತಿಗೆ ಹೊಟ್ಟೆ ಹಿಡಿದು ನಕ್ಕಳು. ಆ ನಗುವಿನ ಅಬ್ಬರಕ್ಕೆ ಕೆರೆಯೇ ಬೆಚ್ಚಿತು. ಹಿಂದಿನ ಮರದಿಂದ ಬಿಳಿಕತ್ತಿನ ಹಕ್ಕಿಯೊಂದು ಪುರ್ರನೆ ಹಾರಿ ಆಚೆ ದಡದತ್ತ ಚುಕ್ಕಿಯಾಯಿತು. ಗುಮಾಸ್ತ ಗಡಬಡಿಸಿ ಎದೆ ತಡವಿಕೊಂಡ.

ಬೈನಾಕ್ಯುಲರ್ ಅವಳ ಕೊರಳಲ್ಲಿತ್ತು. ನಗುವಿನ ಜೊತೆ ಅದೂ ಕುಣಿಯುತ್ತಿತ್ತು.