ಮೂರು ಬ್ಯಾಟರಿ ಮತ್ತು ಅಕ್ಕನ ದೊಣೆ

ಮದುವೆ ಫೋಟೋ ತೆಗೆಯುವವನ ಬಾಳಿನಲ್ಲಿ ಎಡವಟ್ಟುಗಳು ಲಗ್ನಪತ್ರಿಕೆ ಕೊಡದಿದ್ದರೂ ಬರುತ್ತವೆ, ಬಂದು ಊಟ ಮಾಡಿಕೊಂಡೇ ಹೋಗುತ್ತವೆ. ಮಧುಗಿರಿಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಡ್ರೋನ್ ತಂದ ಮೇಲಂತೂ ಅವು ಸಾಲುಗಟ್ಟಿ ಬಂದವು.

ಡ್ರೋನಿನ ಜೊತೆ ಮೂರು ಬ್ಯಾಟರಿ ಕೊಟ್ಟಿದ್ದರು. ತಂದ ದಿನವೇ ಮಿಡಿಗೇಶಿಯ ನಮ್ಮಕ್ಕನಿಗೆ ಫೋನ್ ಮಾಡಿ ಹೇಳಿದೆ. ಅಕ್ಕ ಅಲ್ಲಿ ಬಸ್ಸು ನಿಲ್ಲುವ ಕಡೆ ಇಡ್ಲಿ ಹೋಟೆಲ್ ನಡೆಸುತ್ತಾಳೆ. ಚಿಕ್ಕಂದಿನಲ್ಲಿ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡೇ ಕೋಟೆ ಬೆಟ್ಟದಲ್ಲಿ ಮೇಕೆ ಮೇಯಿಸಿದವಳು. ಈಗ ಮಂಡಿನೋವು, ಬೆಟ್ಟ ಹತ್ತಲು ಆಗುವುದಿಲ್ಲ.

"ಮ್ಯಾಲೆ ಬಂಡೆ ಮಧ್ಯೆ ನೀರು ನಿಲ್ಲೋ ದೊಣೆ ಐತಲ್ಲ, ಅದನ್ನೊಂದ್ಸಾರಿ ತೋರ್ಸ್ಬುಡ್ಲಾ," ಅಂದಳು.

ಮುಂದಿನ ವಾರವೇ ಬರುತ್ತೇನೆ ಅಂದೆ. ಆ ಮುಂದಿನ ವಾರ ಬರುವುದಕ್ಕೆ ಎರಡು ವರ್ಷ ಹಿಡಿಯಿತು.

೧. ಆಷಾಢದ ಹೊಟ್ಟೆ

ಆಷಾಢದಲ್ಲಿ ನಮ್ಮ ಕಡೆ ಮದುವೆ ಮಾಡುವುದಿಲ್ಲ. ಒಂದು ತಿಂಗಳು ನನಗೂ ಕೆಲಸವಿಲ್ಲ, ಡ್ರೋನಿಗೂ ಇಲ್ಲ. ಮನೆಯಲ್ಲಿ ಇರುವವರನ್ನು ಅರೆಹೊಟ್ಟೆಯಲ್ಲಿ ಮಲಗಿಸಿ ನನಗೆ ಅಭ್ಯಾಸವಿಲ್ಲ. ಮೂರು ಬ್ಯಾಟರಿಗಳಿಗೂ ಕಂಠಪೂರ್ತಿ ಚಾರ್ಜ್ ತುಂಬಿಸಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಶ್ರಾವಣದ ಮೊದಲ ಮದುವೆ ಕೊರಟಗೆರೆಯಲ್ಲಿತ್ತು. ಛತ್ರದಲ್ಲಿ ಚೀಲ ಬಿಚ್ಚಿದರೆ ಒಂದು ಬ್ಯಾಟರಿ ಊದಿಕೊಂಡು ಡ್ರೋನಿನ ಒಳಗೆ ಕೂರುತ್ತಲೇ ಇಲ್ಲ. ಮಾರಿದವರಿಗೆ ಫೋನ್ ಮಾಡಿದೆ. ತಿಂಗಳುಗಟ್ಟಲೆ ಇಡುವಾಗ ಪೂರ್ತಿ ತುಂಬಿಸಬಾರದು, ಪೂರ್ತಿ ಖಾಲಿಯೂ ಮಾಡಬಾರದು, ಅರ್ಧಕ್ಕೆ ನಿಲ್ಲಿಸಿ ತಂಪಾದ ಕಡೆ ಇಡಬೇಕು, ಊದಿದ್ದನ್ನು ಮತ್ತೆ ಮುಟ್ಟಲೇಬಾರದು ಎಂದು ಪಾಠ ಹೇಳಿದರು. ಈ ಮಾತು ಡಬ್ಬಿಯೊಳಗಿನ ಕಾಗದದಲ್ಲೂ ಇತ್ತು. ಆ ಕಾಗದದ ಮೇಲೆ ನಾನು ಚಹಾ ಲೋಟ ಇಟ್ಟಿದ್ದೆ.

ನಾನು ತಲೆ ಮೇಲೆ ಕೈಹೊತ್ತು ಕೂತಿರುವುದನ್ನು ಕಂಡು ಮದುಮಗನ ಅಜ್ಜಿ ಹತ್ತಿರ ಬಂದರು. ಊದಿದ ಬ್ಯಾಟರಿಯನ್ನು ಕನಿಕರದಿಂದ ನೋಡಿ, ಇದಕ್ಕೆ ಎಷ್ಟು ತಿಂಗಳಪ್ಪಾ ಎಂದು ಕೇಳಿದರು.

೨. ಕಪ್ಪು ಐಸ್‌ಕ್ರೀಮ್

ಶಿರಾ ಹತ್ತಿರದ ತಾವರೆಕೆರೆಯಲ್ಲಿ ಬೇಸಿಗೆಯ ಮದುವೆ. ನಡುಮಧ್ಯಾಹ್ನ ಡ್ರೋನ್ ಇಳಿಸಿದಾಗ ಬ್ಯಾಟರಿ ಕಾವಲಿಯಷ್ಟು ಬಿಸಿಯಾಗಿತ್ತು. ಬಿಸಿ ಇರುವಾಗ ಚಾರ್ಜಿಗೆ ಹಾಕಬಾರದು ಎನ್ನುವುದನ್ನು ಅಷ್ಟು ಹೊತ್ತಿಗೆ ಕಲಿತಿದ್ದೆ. ಆರಲಿ ಎಂದು ಅಡುಗೆಮನೆಯ ನೆರಳಿನಲ್ಲಿಟ್ಟು, ಸ್ವಲ್ಪ ನೋಡಿಕೊಳ್ಳಿ ಎಂದು ಅಡುಗೆಯವರಿಗೆ ಹೇಳಿ ಊಟಕ್ಕೆ ಕೂತೆ. ಉಂಡೆದ್ದು ಹೋದರೆ ಬ್ಯಾಟರಿ ಇಲ್ಲ.

ಅಡುಗೆಯವರು ನಗುತ್ತಾ ಐಸ್‌ಕ್ರೀಮಿನ ಪೆಟ್ಟಿಗೆ ತೋರಿಸಿದರು. "ಪೂರಾ ಠಂಡಾ ಆಗ್ಲಿ ಅಂತ ಒಳಗಿಟ್ಟೆ ಸಾರ್."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ತಪ್ಪು ನನ್ನದು. ನೋಡಿಕೊಳ್ಳಿ ಎಂದೆನೇ ಹೊರತು ಏನನ್ನು ನೋಡಿಕೊಳ್ಳಬೇಕು ಎಂದು ಹೇಳಲಿಲ್ಲ. ಕರಗಿದ ಐಸಿನ ನೀರಿನಲ್ಲಿ ನೆಂದ ಬ್ಯಾಟರಿ ಮತ್ತೆ ಉಸಿರಾಡಲಿಲ್ಲ. ಅದನ್ನು ಎತ್ತಿಕೊಂಡು ಊಟದ ಸಾಲಿನ ಮುಂದೆ ಹಾದುಹೋಗುವಾಗ ಹಿರಿಯರೊಬ್ಬರು, ನಮ್ಮ ಸಾಲಿಗೆ ಆ ಕಪ್ಪು ಐಸ್‌ಕ್ರೀಮ್ ಬರಲೇ ಇಲ್ಲವಲ್ಲ ಎಂದು ಬಡಿಸುವವರ ಮೇಲೆ ರೇಗಿದರು.

೩. ಕರೆಂಟು ಹುಟ್ಟುವ ಊರು

ಉಳಿದದ್ದು ಒಂದೇ ಬ್ಯಾಟರಿ. ಅದನ್ನು ಬಾಣಂತಿಯ ಹಾಗೆ ನೋಡಿಕೊಂಡೆ. ಅರ್ಧ ಚಾರ್ಜಿನಲ್ಲೇ ಇಡುತ್ತಿದ್ದೆ, ಬಟ್ಟೆ ಸುತ್ತಿ ನೆರಳಿನಲ್ಲಿಡುತ್ತಿದ್ದೆ. ಎಷ್ಟು ಜೋಪಾನವೆಂದರೆ, ಪಾವಗಡದ ತಿರುಮಣಿಗೆ ಗೃಹಪ್ರವೇಶಕ್ಕೆ ಹೊರಟಾಗಲೂ ಅದನ್ನು ಅರ್ಧದಲ್ಲೇ ತೆಗೆದುಕೊಂಡು ಹೋದೆ. ಹಾರಿಸುವ ದಿನ ತುಂಬಿಸಬೇಕು ಎನ್ನುವುದು ಅಲ್ಲಿಗೆ ತಲುಪಿದ ಮೇಲೆ ನೆನಪಾಯಿತು. ಅವತ್ತು ಬೆಳಗಿನಿಂದ ಕರೆಂಟಿಲ್ಲ. ಮಹಡಿ ಹತ್ತಿ ನೋಡಿದರೆ ಕಣ್ಣು ಹರಿಯುವಷ್ಟು ದೂರ ಸೋಲಾರ್ ಹಲಗೆಗಳು ಬಿಸಿಲಿಗೆ ಮಿರಿಮಿರಿ ಮಿಂಚುತ್ತಿವೆ. ಇಷ್ಟೆಲ್ಲ ಇಟ್ಟುಕೊಂಡು ಒಂದು ಬ್ಯಾಟರಿಗೆ ಗತಿಯಿಲ್ಲವೇ ಎಂದು ಮನೆ ಯಜಮಾನರನ್ನು ಕೇಳಿದೆ.

"ಅದಂತಾ ಊರೂರಿಗೆ ಪೋತಾದಪ್ಪಾ," ಎಂದು ಅವರು ಸಮಾಧಾನವಾಗಿ ಹೇಳಿದರು. "ಮಾ ಇಂಟಿಕಿ ಸಾಯಂತ್ರಂ ವಸ್ತಾದಿ."

ಅದೆಲ್ಲ ಊರೂರಿಗೆ ಹೋಗುತ್ತದೆ, ನಮ್ಮ ಮನೆಗೆ ಸಂಜೆ ಬರುತ್ತದೆ ಎಂದರ್ಥ. ಗೃಹಪ್ರವೇಶ ಮಧ್ಯಾಹ್ನಕ್ಕೇ ಮುಗಿದಿತ್ತು, ನನ್ನ ಅರ್ಧ ಚಾರ್ಜ್ ಅದಕ್ಕೂ ಮೊದಲೇ ಮುಗಿದಿತ್ತು.

ಅವತ್ತು ವಾಪಸ್ ಬರುವ ದಾರಿಯಲ್ಲೇ ಮಿಡಿಗೇಶಿ. ಅಕ್ಕ ಹೋಟೆಲ್ ಮುಂದೆ ನಿಂತಿದ್ದಳು. ಚಾರ್ಜ್ ಮುಗಿದ ಡ್ರೋನ್ ಇಟ್ಟುಕೊಂಡು ಏನೆಂದು ಮುಖ ತೋರಿಸಲಿ ಎಂದು ಬೈಕ್ ನಿಲ್ಲಿಸದೆ ಬಂದುಬಿಟ್ಟೆ. ಡ್ರೋನ್ ಹಾರದಿದ್ದರೂ ಒಂದು ಲೋಟ ಚಹಾ ಕುಡಿದು ಬರಬಹುದಿತ್ತು. ಅದು ಇವತ್ತಿಗೂ ಚುಚ್ಚುತ್ತದೆ.

೪. ದೊಣೆ

ಕೊನೆಗೆ ಮೊನ್ನೆ ಹೋದೆ. ಬ್ಯಾಟರಿಯನ್ನು ಹಿಂದಿನ ಸಂಜೆ ತಂಪು ಹೊತ್ತಿನಲ್ಲಿ, ಪಕ್ಕದಲ್ಲೇ ಕೂತು ಪೂರ್ತಿ ತುಂಬಿಸಿದ್ದೆ. ಊದಿಲ್ಲ, ನೆಂದಿಲ್ಲ, ಬಿಸಿಯಿಲ್ಲ. ಹೋಟೆಲ್ ಮುಂದೆ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ಡ್ರೋನ್ ಏರಿಸಿದೆ. ಮೇಲಿಂದ ಅದಕ್ಕೆ ಕಾಣುವುದೆಲ್ಲ ನನ್ನ ಫೋನಿನಲ್ಲಿ ಬರುತ್ತದೆ. ಒಂದು ಕೈಯಲ್ಲಿ ರಿಮೋಟ್ ಒತ್ತುತ್ತಾ, ಇನ್ನೊಂದರಲ್ಲಿ ಫೋನನ್ನು ಅಕ್ಕನ ಮುಖದ ಮುಂದೆ ಹಿಡಿದು, ನಾನು ಕತ್ತೆತ್ತಿ ಡ್ರೋನ್ ಹೋಗುವ ಕಡೆ ನೋಡುತ್ತಾ, ಇದು ಕೋಟೆ ಬಾಗಿಲು, ಇದು ಬುರುಜು, ಇದೇ ನೋಡು ನಿನ್ನ ದೊಣೆ ಎಂದು ವಿವರಿಸಿದೆ.

"ನೀರು ತುಂಬ್ಕಂಡೈತೆ ಕಣ್ಲಾ. ಚೆನ್ನಾಗೈತೆ ಬುಡು," ಅಂದಳು.

ಎರಡು ವರ್ಷದ ಭಾರ ಇಳಿದಂತಾಯಿತು. ನಾನೂ ನೋಡೋಣವೆಂದು ಫೋನಿನ ಕಡೆ ತಿರುಗಿದೆ. ಕಪ್ಪಗಿತ್ತು. ಬ್ಯಾಟರಿಯ ಆರೈಕೆಯಲ್ಲಿ ಫೋನನ್ನು ಚಾರ್ಜಿಗೆ ಹಾಕುವುದು ಮರೆತು, ಅದು ಯಾವಾಗಲೋ ಸತ್ತಿತ್ತು.

ಅಕ್ಕಾ, ಇದರಲ್ಲಿ ಏನೂ ಇಲ್ಲವಲ್ಲ ಅಂದೆ.

"ನಂಗೆ ಇದ್ದಾಗ್ಲೂ ಕಾಣ್ಲಿಲ್ಲ. ಕಣ್ಣಿಗೆ ಪೊರೆ ಬಂದು ವರ್ಸ ಆಯ್ತು. ಕೆಲ್ಸ ಬುಟ್ಟು ಬಂದಿದ್ದೀಯ, ಬೇಜಾರ್ ಮಾಡ್ಕತೀಯ ಅಂತ ಅಂಗಂದೆ."

ಹೇಳಿದ ವಾರವೇ ಬಂದಿದ್ದರೆ ಅವಳು ಕಣ್ತುಂಬ ನೋಡುತ್ತಿದ್ದಳು. ಮುಂದಿನ ವಾರವೇ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ನನ್ನ ಮುಂದಿನ ವಾರ ಅವಳಿಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲಿ ಗುಯ್ಯೆನ್ನುತ್ತಾ ಡ್ರೋನ್ ತಾನಾಗಿಯೇ ಬಂದು ಬೆಂಚಿನ ಮುಂದೆ ಇಳಿಯಿತು. ಯಾರು ಕರೆದರು ಅದನ್ನು ಎಂದು ಅಕ್ಕ ಕೇಳಿದಳು. ಯಾರೂ ಕರೆಯಬೇಕಿಲ್ಲ, ಚಾರ್ಜ್ ಕಮ್ಮಿಯಾದ ತಕ್ಷಣ ಹೊರಟ ಜಾಗಕ್ಕೆ ವಾಪಸ್ ಬರುವ ಹಾಗೆ ಅದರೊಳಗೇ ಏನೋ ಇಟ್ಟಿರುತ್ತಾರೆ ಎಂದೆ.

ಅಕ್ಕ ನನ್ನ ಕಡೆ ತಿರುಗಿದಳು.

"ಲೇ, ಅದನ್ನ ನಿಂಗೂ ಒಂದು ಹಾಕ್ಸ್ಕಳ್ಳಾ," ಅಂದಳು.